ದೂರದ ಬೆಟ್ಟ ನುಣ್ಣಗೆ, ವಸಂತದ ಹಿಮ ಇನ್ನೂ ನುಣ್ಣಗೆ!

ಯುಗಾದಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮಾವಿನ ತೋರಣ, ಬೇವಿನ ಹೂವು, ಏರುತ್ತಿರುವ ಬಿಸಿಲು. ಕೊಲರಾಡೊದಲ್ಲಿ ನೆಲೆಸಿರುವ ನಮಗೆ ಮಾತ್ರ ಪಂಚಾಂಗ ಹೇಳುವುದು ಒಂದಾದರೆ ಕಿಟಕಿಯ ಹೊರಗೆ ಕಾಣುವುದು ಇನ್ನೊಂದು. ಡೆನ್ವರ್ ನಗರದಲ್ಲಿ ಸರಾಸರಿ ಲೆಕ್ಕದಲ್ಲಿ ಅತಿ ಹೆಚ್ಚು ಹಿಮ ಬೀಳುವ ತಿಂಗಳು ಡಿಸೆಂಬರೂ ಅಲ್ಲ, ಜನವರಿಯೂ ಅಲ್ಲ, ಮಾರ್ಚ್! ಹಬ್ಬದ ಹಿಂದಿನ ರಾತ್ರಿ ಒಂದಡಿ ಹಿಮ ಸುರಿದು, ಬೆಳಗ್ಗೆ ಒಬ್ಬಟ್ಟು ತಟ್ಟುವ ಹೊತ್ತಿಗೆ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿ, ಮಧ್ಯಾಹ್ನಕ್ಕೆ ಮಕ್ಕಳು ಅರ್ಧ ತೋಳಿನ ಅಂಗಿಯಲ್ಲಿ ಓಡಾಡುವುದನ್ನು ನಾವೆಲ್ಲ ನೋಡಿದ್ದೇವೆ. ಅಂಥ ದಿನ ಪಶ್ಚಿಮಕ್ಕೆ ತಿರುಗಿದರೆ ಬೆಳ್ಳಗೆ ಹೊಳೆಯುವ ರಾಕಿ ಪರ್ವತಗಳು ಕೈಬೀಸಿ ಕರೆಯುತ್ತವೆ. 'ದೂರದ ಬೆಟ್ಟ ನುಣ್ಣಗೆ' ಎಂದು ಗಾದೆ ಕಟ್ಟಿದ ನಮ್ಮ ಹಿರಿಯರು ಹಿಮದ ಬೆಟ್ಟ ಕಂಡಿದ್ದರೋ ಇಲ್ಲವೋ ತಿಳಿಯದು, ಆದರೆ ಆ ಮಾತು ಅದಕ್ಕೆ ಹೊಂದುವಷ್ಟು ಚೆನ್ನಾಗಿ ಬೇರೆ ಯಾವುದಕ್ಕೂ ಹೊಂದುವುದಿಲ್ಲ.

ನಮ್ಮ ತಲೆಮಾರಿನವರಲ್ಲಿ ಹೆಚ್ಚಿನವರು ಹಿಮವನ್ನು ಕಂಡದ್ದು ಕಾರಿನ ಗಾಜಿನಿಂದ, ಇಲ್ಲವೇ ಡ್ರೈವ್‌ವೇಯಲ್ಲಿ ಸಲಿಕೆ ಹಿಡಿದು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಹಾಗಲ್ಲ. ಐದನೇ ವರ್ಷಕ್ಕೆ ಸ್ಕೀ ಕಟ್ಟಿಕೊಂಡವರು ಇಪ್ಪತ್ತಕ್ಕೆ ಬರುವಷ್ಟರಲ್ಲಿ ರೆಸಾರ್ಟಿನ ಸಾಲು, ಟಿಕೆಟ್ಟು, ಲಿಫ್ಟು ಎಲ್ಲ ಸಾಕಾಗಿ 'ಬ್ಯಾಕ್‌ಕಂಟ್ರಿ'ಗೆ ಹೊರಡುತ್ತಾರೆ. ಬ್ಯಾಕ್‌ಕಂಟ್ರಿ ಎಂದರೆ ರೆಸಾರ್ಟಿನ ಹಗ್ಗದ ಗೆರೆಯಾಚೆಗಿನ ಬೆಟ್ಟ. ಗೆರೆಯ ಒಳಗಾದರೆ ಸ್ಕೀ ಪೆಟ್ರೋಲ್ ಸಿಬ್ಬಂದಿ ಮುಂಜಾನೆಯೇ ಹೋಗಿ, ಬೇಕಾದ ಕಡೆ ಸಿಡಿಮದ್ದು ಸಿಡಿಸಿ, ಬೀಳಬೇಕಾದ ಹಿಮವನ್ನು ಜನ ಬರುವ ಮೊದಲೇ ಬೀಳಿಸಿರುತ್ತಾರೆ. ಗೆರೆಯಾಚೆ ಆ ಕೆಲಸ ಮಾಡುವವರಿಲ್ಲ. ಅಲ್ಲಿ ಹಿಮವನ್ನು ಪರೀಕ್ಷಿಸುವವರೂ ನಾವೇ, ತಪ್ಪಿದರೆ ಅದರಡಿ ಸಿಕ್ಕುವವರೂ ನಾವೇ.

ನಾನು ವೃತ್ತಿಯಿಂದ ಫಿಸಿಶಿಯನ್, ಹಿಮತಜ್ಞನಲ್ಲ. ಮಗಳು ಕಾಲೇಜಿನಲ್ಲಿ ಈ ಹುಚ್ಚು ಹಚ್ಚಿಕೊಂಡ ಮೇಲೆ, ಅವಳನ್ನು ತಡೆಯುವುದಕ್ಕಿಂತ ಅವಳು ಏನು ಮಾಡುತ್ತಾಳೆಂದು ತಿಳಿಯುವುದೇ ಮೇಲು ಎನಿಸಿ, ಅವಳ ಜೊತೆಯಲ್ಲೇ ಮೂರು ದಿನದ ಅವಲಾಂಚ್ ಕೋರ್ಸಿಗೆ ಹೋದೆ. ಇಪ್ಪತ್ತರ ಹುಡುಗರ ಮಧ್ಯೆ ನಾನೊಬ್ಬನೇ ನರೆತ ತಲೆಯವನು! ಅಲ್ಲಿ ಕೇಳಿದ್ದು, ಆಮೇಲೆ ಓದಿಕೊಂಡದ್ದು, ವೈದ್ಯನಾಗಿ ನನಗೆ ಅರ್ಥವಾದದ್ದು, ಇವಿಷ್ಟನ್ನು ಸಂಘದ ಬಂಧುಗಳೊಡನೆ ಹಂಚಿಕೊಳ್ಳಲು ಈ ಬರಹ.

ಮೊದಲು ಒಂದು ಪದದ ವಿಷಯ. ನಮ್ಮ ಪತ್ರಿಕೆಗಳು ಅವಲಾಂಚಿಗೂ 'ಹಿಮಪಾತ' ಎನ್ನುತ್ತವೆ, ಆಕಾಶದಿಂದ ಹಿಮ ಬೀಳುವುದಕ್ಕೂ 'ಹಿಮಪಾತ'ವೆಂದೇ ಬರೆಯುತ್ತವೆ. ಕೊಡಗಿನಲ್ಲಿ 2018ರ ಮಳೆಗಾಲದಲ್ಲಿ ಗುಡ್ಡಗಳು ಜಾರಿದ್ದನ್ನು ನಾವು ಭೂಕುಸಿತ ಎಂದೆವಲ್ಲ, ಹಾಗೆ ಇದನ್ನು ಹಿಮಕುಸಿತ ಎನ್ನೋಣ.

ರವೆಯ ಮೇಲೆ ಚಪ್ಪಡಿ

ಚಳಿಗಾಲದ ಹಿಮ ಒಂದೇ ರಾಶಿಯಲ್ಲ, ಚಿರೋಟಿಯ ಹಾಗೆ ಪದರ ಪದರ. ಒಂದೊಂದು ಬಿರುಗಾಳಿ, ಒಂದೊಂದು ಬಿಸಿಲಿನ ವಾರ ತನ್ನದೊಂದು ಪದರವನ್ನು ಬಿಟ್ಟುಹೋಗಿರುತ್ತದೆ. ಕೊಲರಾಡೊದ ತೊಂದರೆ ಆರಂಭವಾಗುವುದು ಅಡಿಯಿಂದ. ಅಕ್ಟೋಬರ್, ನವೆಂಬರ್‌ನಲ್ಲಿ ಬೀಳುವ ಹಿಮ ತೆಳು. ನೆಲದ ಉಷ್ಣತೆ 32 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸು, ಮೇಲಿನ ಗಾಳಿ ಅದಕ್ಕಿಂತ ಬಹಳ ತಣ್ಣಗೆ. ಈ ವ್ಯತ್ಯಾಸದಿಂದ ನೀರಾವಿ ಹಿಮದೊಳಗೇ ಕೆಳಗಿನಿಂದ ಮೇಲಕ್ಕೆ ಹರಿದು, ಹಿಮದ ಕಣಗಳು ಒಂದಕ್ಕೊಂದು ಅಂಟದ ಹರಳುಗಳಾಗುತ್ತವೆ. ಕೈಯಲ್ಲಿ ಹಿಡಿದರೆ ಸಕ್ಕರೆಯ ಹಾಗೆ, ದಪ್ಪ ರವೆಯ ಹಾಗೆ ಬೆರಳ ಸಂದಿಯಿಂದ ಉದುರಿಹೋಗುತ್ತದೆ. ಮುಷ್ಟಿಯಲ್ಲಿ ಅದುಮಿ ಉಂಡೆ ಕಟ್ಟಲು ಬರುವುದಿಲ್ಲ.

ಆ ರವೆಯ ಮೇಲೆ ಜನವರಿ, ಫೆಬ್ರವರಿ, ಮಾರ್ಚ್ ತಿಂಗಳುಗಳ ಹಿಮ ಬಂದು ಕೂರುತ್ತದೆ. ಗಾಳಿ ಅದನ್ನು ಬೆಟ್ಟದ ಒಂದು ಬದಿಯಿಂದ ಹೊತ್ತು ಇನ್ನೊಂದು ಬದಿಗೆ ಸುರಿದು ಬಿಗಿಯಾಗಿ ಕೂರಿಸುತ್ತದೆ. ಹೀಗೆ ಬಿಗಿಯಾದ ಮೇಲಿನ ಪದರವನ್ನು ಇಂಗ್ಲಿಷಿನಲ್ಲಿ ಸ್ಲ್ಯಾಬ್ ಎನ್ನುತ್ತಾರೆ, ನಮ್ಮ 'ಚಪ್ಪಡಿ' ಅದಕ್ಕೆ ಹೇಳಿ ಮಾಡಿಸಿದ ಪದ. ಇಳಿಜಾರಿನಲ್ಲಿ ರವೆ ಹರಡಿ ಮೇಲೆ ಚಪ್ಪಡಿ ಕಲ್ಲು ಇಟ್ಟ ಸ್ಥಿತಿ ಅದು. ತಾನಾಗಿ ಅದು ವಾರಗಟ್ಟಲೆ ಹಾಗೇ ನಿಂತಿರಬಹುದು. ಅದರ ಮೇಲೊಬ್ಬ ಕಾಲಿಟ್ಟಾಗ ಅಡಿಯ ರವೆ ಕುಸಿದು, ಬಿರುಕು ಕ್ಷಣದಲ್ಲಿ ಇಡೀ ಇಳಿಜಾರಿಗೆ ಹರಡಿ, ಚಪ್ಪಡಿ ಒಡೆದು ಜಾರುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಗಂಟೆಗೆ 60 ಮೈಲಿಯ ವೇಗ! ಇನ್ನೊಂದು ಮಾತು ನೆನಪಿಡಿ: ಸಾವು ತಂದ ಹಿಮಕುಸಿತಗಳಲ್ಲಿ 100ಕ್ಕೆ ಸುಮಾರು 90ನ್ನು ಕೆಡವಿದವರು ಅದರಲ್ಲಿ ಸಿಕ್ಕಿದವರೇ, ಇಲ್ಲವೇ ಅವರ ಜೊತೆಗಾರರೇ. ಅಂದರೆ ಇದು ತಲೆಯ ಮೇಲೆ ಬೀಳುವ ಸಿಡಿಲಿನ ಹಾಗಲ್ಲ. ಬಹುಪಾಲು ನಮ್ಮ ತೀರ್ಮಾನದಿಂದಲೇ ಬರುವ ಅಪಾಯ, ಹಾಗಾಗಿ ತಪ್ಪಿಸಿಕೊಳ್ಳಬಹುದಾದ ಅಪಾಯ.

ರೋಗಿಯನ್ನು ನೋಡಿದ ಹಾಗೆ ಬೆಟ್ಟವನ್ನು ನೋಡುವುದು

ಕೋರ್ಸಿನ ಎರಡನೆಯ ದಿನ ಮಗಳು, "ಅಪ್ಪ, ಇದು ನೀನು ಪೇಶಂಟ್ ನೋಡೋ ಹಾಗೇ ಇದೆ" ಎಂದಳು. ನಿಜ. ಎಂಬಿಬಿಎಸ್ ಓದುವಾಗ ನಮ್ಮ ಗುರುಗಳು ಕಲಿಸಿದ ಕ್ರಮವೇ ಇಲ್ಲಿಯೂ ಇದೆ. ಮೊದಲು ರೋಗದ ಪೂರ್ವಕಥೆ, ಆಮೇಲೆ ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು. ಟೆಸ್ಟುಗಳು ಕೊನೆಗೆ.

ಪೂರ್ವಕಥೆ ಎಂದರೆ ಈ ಚಳಿಗಾಲದಲ್ಲಿ ಹಿಮ ಹೇಗೆ ಕೂಡಿತು, ಕಳೆದ ಮೂರು ದಿನ ಎಷ್ಟು ಬಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು ಎಂಬುದು. ಇದನ್ನು ನಮಗಾಗಿ ಬರೆದಿಡುವವರು ಇದ್ದಾರೆ. ಕೊಲರಾಡೊ ಅವಲಾಂಚ್ ಇನ್‌ಫರ್ಮೇಶನ್ ಸೆಂಟರ್ ಚಳಿಗಾಲದುದ್ದಕ್ಕೂ ಪ್ರತಿದಿನ ಉಚಿತವಾಗಿ ಮುನ್ಸೂಚನೆ ಕೊಡುತ್ತದೆ. ಬೇರೆ ರಾಜ್ಯಗಳಲ್ಲೂ ಇಂಥ ಕೇಂದ್ರಗಳಿವೆ, ಕೆನಡಾದವರಿಗೆ ಅವಲಾಂಚ್ ಕೆನಡಾ ಇದೆ. ಅಪಾಯವನ್ನು 1ರಿಂದ 5ರವರೆಗೆ ಅಳೆಯುತ್ತಾರೆ: ಲೋ, ಮಾಡರೇಟ್, ಕನ್ಸಿಡರಬಲ್, ಹೈ, ಎಕ್ಸ್‌ಟ್ರೀಮ್. ಇಲ್ಲೊಂದು ಎಚ್ಚರಿಕೆ. ಅಂಕಪಟ್ಟಿಯಲ್ಲೇ ಬೆಳೆದ ನಮಗೆ 5ಕ್ಕೆ 3 ಎಂದರೆ 60 ಪರ್ಸೆಂಟ್, ಫಸ್ಟ್ ಕ್ಲಾಸ್! ಈ ಅಳತೆ ಹಾಗೆ ಸಮನಾಗಿ ಏರುವುದಲ್ಲ, ಒಂದೊಂದು ಮೆಟ್ಟಿಲಿಗೂ ಅಪಾಯ ಹಲವು ಪಟ್ಟು ಹೆಚ್ಚುತ್ತದೆ. ಅತಿ ಹೆಚ್ಚು ಸಾವುಗಳು ಆಗುವುದು 3ರ ದಿನಗಳಲ್ಲೇ. 4, 5 ಎಂದಾಗ ಜನ ಹೆದರಿ ಮನೆಯಲ್ಲಿರುತ್ತಾರೆ, 3 ಎಂದಾಗ 'ನೋಡೋಣ' ಎಂದು ಹೊರಡುತ್ತಾರೆ.

ನೋಡುವುದರಲ್ಲಿ ಮೊದಲನೆಯದು ಇಳಿಜಾರಿನ ಕೋನ. ಚಪ್ಪಡಿ ಜಾರುವುದು ಹೆಚ್ಚಾಗಿ 30ರಿಂದ 45 ಡಿಗ್ರಿಯ ಇಳಿಜಾರಿನಲ್ಲಿ. 30 ಡಿಗ್ರಿ ಎಂದರೆ ಎಷ್ಟು? ನಿಮ್ಮ ಮನೆಯಲ್ಲಿ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲ ಸಾಲನ್ನು ಪಕ್ಕದಿಂದ ನೋಡಿ. ಹೆಚ್ಚಿನ ಮನೆಗಳಲ್ಲಿ ಅದು ಸುಮಾರು 35 ಡಿಗ್ರಿ. ದಿನಕ್ಕೆ ಹತ್ತು ಸಲ ಹತ್ತಿ ಇಳಿಯುವ ಆ ಮೆಟ್ಟಿಲಷ್ಟು ಕಡಿದಾದ ಬೆಟ್ಟ ಸಾಕು. ಇನ್ನು ನಾವು ನಡೆಯುವ ದಾರಿ ಸಮತಟ್ಟಾಗಿದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಅದರ ಮೇಲುಗಡೆ ಅಂಥ ಇಳಿಜಾರಿದ್ದರೆ ಬೀಳುವುದು ನಮ್ಮ ಮೇಲೆಯೇ. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೆ ಸ್ನೋಶೂ ಕಟ್ಟಿ ಕಣಿವೆಯ ದಾರಿಯಲ್ಲಿ ಕರೆದೊಯ್ಯುವವರೂ ತಲೆಯೆತ್ತಿ ನೋಡಬೇಕಾದದ್ದು ಇದನ್ನೇ. ಮರಗಳಿಲ್ಲದೆ ಬೈತಲೆ ತೆಗೆದ ಹಾಗೆ ಮೇಲಿನಿಂದ ಕೆಳಗೆ ಬರುವ ಪಟ್ಟೆ ಕಂಡರೆ, ಅದು ಹಿಂದೆ ಹಿಮ ಜಾರಿದ ಹಾದಿ ಎಂದು ತಿಳಿಯಿರಿ.

ಆಲಿಸುವುದೂ ಇದೆ. ಹಿಮದ ಮೇಲೆ ಹೆಜ್ಜೆ ಇಟ್ಟಾಗ ಅಡಿಯಿಂದ 'ಧುಮ್' ಎಂಬ ಭಾರವಾದ ಸದ್ದು ಬಂದರೆ, ಒಳಗಿನ ರವೆಯ ಪದರ ಕುಸಿಯಿತೆಂದು ಅರ್ಥ. ಸ್ಕೀಯ ತುದಿಯಿಂದ ಬಿರುಕುಗಳು ಓಡಿದರೂ ಅದೇ ಅರ್ಥ. ಅಕ್ಕಪಕ್ಕದ ಬೆಟ್ಟದಲ್ಲಿ ಇಂದೋ ನಿನ್ನೆಯೋ ಕುಸಿದ ಗುರುತು, ಹೊಸ ಹಿಮದ ಅಥವಾ ಗಾಳಿ ತಂದ ಹಿಮದ ಭಾರ, ಒಮ್ಮೆಲೇ ಏರಿದ ಉಷ್ಣತೆ, ಇವೂ ಸೇರಿ ಐದು ಕೆಂಪು ಬಾವುಟಗಳು. ಎದೆನೋವಿನ ಜೊತೆ ಬೆವರು, ಎಡಗೈ ನೋವು ಎಂದು ರೋಗಿ ಹೇಳಿದರೆ ನಾವು ಬೇರೆ ಸಾಕ್ಷಿ ಹುಡುಕುತ್ತಾ ಕೂರುವುದಿಲ್ಲ, ಅಲ್ಲವೇ? ಇಲ್ಲಿಯೂ ಹಾಗೆಯೇ. ಆ ಇಳಿಜಾರನ್ನು ಬಿಟ್ಟು ಹಿಂತಿರುಗಬೇಕು.

ಕೊನೆಗೆ ಟೆಸ್ಟು. ಹಿಮದಲ್ಲಿ ಗುಂಡಿ ತೋಡಿ, 90 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದಪ್ಪದ ಕಂಬವನ್ನು ಕೊರೆದು, ಅದರ ಒಂದು ತುದಿಯಲ್ಲಿ ಸಲಿಕೆ ಇಟ್ಟು ತಟ್ಟುತ್ತಾರೆ. ಮಣಿಕಟ್ಟಿನಿಂದ 10 ಪೆಟ್ಟು, ಮೊಣಕೈಯಿಂದ 10, ಭುಜದಿಂದ 10. ಬಿರುಕು ಕಂಬದ ಈ ತುದಿಯಿಂದ ಆ ತುದಿಯವರೆಗೆ ಓಡಿದರೆ ಆ ಬೆಟ್ಟಕ್ಕೆ ಹೋಗಬಾರದು. ಓಡದಿದ್ದರೆ? ಹೋಗಬಹುದು ಎಂದೇನೂ ಅಲ್ಲ! ಇಸಿಜಿ ನಾರ್ಮಲ್ ಬಂದ ರೋಗಿಗೂ ಹೃದಯಾಘಾತ ಆಗಿರಬಹುದೆಂದು ಪ್ರತಿಯೊಬ್ಬ ವೈದ್ಯನಿಗೂ ಗೊತ್ತು. ಹಿಮದಲ್ಲಿ ಇದು ಇನ್ನೂ ಹೆಚ್ಚು ನಿಜ, ಏಕೆಂದರೆ ಇಲ್ಲಿ ಗಟ್ಟಿಯಾಗಿರುವ ಪದರ ಹತ್ತು ಅಡಿ ಆಚೆ ಪೊಳ್ಳಾಗಿರಬಹುದು. ಟೆಸ್ಟು 'ಬೇಡ' ಎಂದರೆ ನಂಬಿ, 'ಸರಿ' ಎಂದರೆ ಅನುಮಾನಿಸಿ. ಇಡೀ ಕೋರ್ಸಿನಲ್ಲಿ ನನಗೆ ಅತಿ ಮುಖ್ಯವೆನಿಸಿದ ಪಾಠ ಇದು. ಹಿಮದ ಬಗ್ಗೆ ನಮ್ಮ ಅಂದಾಜು ತಪ್ಪಾಗಬಹುದು, ಆದ್ದರಿಂದ ತಪ್ಪಾದರೂ ಜೀವ ಉಳಿಯುವಂಥ ಜಾಗವನ್ನೇ ಆರಿಸಿಕೊಳ್ಳಬೇಕು.

ವಸಂತದ ಎರಡು ಮುಖ

ಮಾರ್ಚ್, ಏಪ್ರಿಲ್‌ನಲ್ಲಿ ಒಂದೇ ಬೆಟ್ಟದಲ್ಲಿ ಎರಡು ಋತುಗಳಿರುತ್ತವೆ. ದಕ್ಷಿಣಕ್ಕೆ ಮುಖ ಮಾಡಿದ ಬದಿಯಲ್ಲಿ ವಸಂತ, ಉತ್ತರದ ಬದಿಯಲ್ಲಿ ಇನ್ನೂ ಚಳಿಗಾಲ.

ಬಿಸಿಲು ಬೀಳುವ ಬದಿಯ ಹಿಮ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುತ್ತದೆ. ಇದು ಕೆಲವು ದಿನ ನಡೆದರೆ ಬೆಳಗಿನ ಹೊತ್ತು ಹಿಮ ಕಲ್ಲಿನಷ್ಟು ಗಟ್ಟಿ, ನಡೆಯಲು ಸುರಕ್ಷಿತ. ಬಿಸಿಲೇರಿದಂತೆ ಮೇಲಿನ ಒಂದೆರಡು ಅಂಗುಲ ಮೆತ್ತಗಾದಾಗ ಸ್ಕೀಯಿಂಗಿಗೆ ಅದು ಹಬ್ಬದೂಟ. ಆದರೆ ಆ ಊಟದ ಪಂಕ್ತಿ ಬೇಗ ಏಳುತ್ತದೆ. ಬೂಟು ಕಣಕಾಲಿನವರೆಗೆ ಹೂತರೆ, ಇಳಿಜಾರಿನಲ್ಲಿ ಹಿಮದ ಉಂಡೆಗಳು ತಾವಾಗಿ ಉರುಳತೊಡಗಿದರೆ, ಒಳಗೆ ನೀರು ಇಳಿದು ಕಣಗಳ ಹಿಡಿತ ತಪ್ಪಿದೆ ಎಂದರ್ಥ. ಒದ್ದೆ ಹಿಮದ ಕುಸಿತ ನಿಧಾನವಾದರೂ ಅದರ ಭಾರ ಬಹಳ. ಸೂರ್ಯ ಮೊದಲು ಪೂರ್ವದ ಬದಿಗೆ, ಆಮೇಲೆ ದಕ್ಷಿಣಕ್ಕೆ, ಮಧ್ಯಾಹ್ನ ಪಶ್ಚಿಮಕ್ಕೆ ಬರುತ್ತಾನೆ, ಅಪಾಯವೂ ಅದೇ ಸರದಿಯಲ್ಲಿ ಬರುತ್ತದೆ. ಹಾಗಾಗಿ ಬ್ರಾಹ್ಮೀ ಮುಹೂರ್ತದಲ್ಲಿ ಎದ್ದು ಹೊರಟು, ಮಧ್ಯಾಹ್ನಕ್ಕೆ ಮುಂಚೆ ಕೆಳಗಿರುವುದು ಇಲ್ಲಿಯ ಪದ್ಧತಿ.

ರಾತ್ರಿ ಹೆಪ್ಪುಗಟ್ಟಿತೇ ಎಂದು ತಿಳಿಯಲು ಉಷ್ಣತೆ ಒಂದನ್ನೇ ನೋಡಿದರೆ ಸಾಲದು, ಮೋಡವನ್ನೂ ನೋಡಬೇಕು. ನಿರಭ್ರ ರಾತ್ರಿಯಲ್ಲಿ ಹಿಮ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಮೋಡ ಕವಿದ ರಾತ್ರಿ ಕಂಬಳಿ ಹೊದಿಸಿದಂತೆ, ಹಿಮ ಹೆಪ್ಪುಗಟ್ಟುವುದೇ ಇಲ್ಲ. ಅಂಥ ಬೆಳಗ್ಗೆ ಆರಕ್ಕೆ ಹೊರಟರೂ ತಡವಾದ ಹಾಗೆಯೇ.

ಉತ್ತರದ ಬದಿಯ ಕಥೆ ಬೇರೆ. ಅಲ್ಲಿ ಬಿಸಿಲು ತಾಗದು, ನವೆಂಬರಿನ ರವೆ ಏಪ್ರಿಲಿನಲ್ಲೂ ರವೆಯಾಗಿಯೇ ಇರಬಹುದು. ಅದರ ಮೇಲೆ ವಸಂತದ ಬಿರುಗಾಳಿ ಎರಡಡಿ ಹಿಮ ಹೊರಿಸಿದರೆ? 2019ರ ಮಾರ್ಚ್ ಮೊದಲ ವಾರಗಳಲ್ಲಿ ಹಾಗೆ ಆಗಿಯೇ ಇಂಟರ್‌ಸ್ಟೇಟ್ 70 ಹೆದ್ದಾರಿಯ ಮೇಲೂ ಹಿಮ ಕುಸಿದು ಬಂದದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬಹುದು.

2013ರ ಏಪ್ರಿಲ್ 20

ಲವ್‌ಲ್ಯಾಂಡ್ ಪಾಸ್ ಬಳಿ ಶೀಪ್ ಕ್ರೀಕ್ ಎಂಬ ಕಣಿವೆಯಿದೆ. ಆ ದಿನ ಅಲ್ಲಿಗೆ ಹೋದ ಆರು ಮಂದಿ ಅನನುಭವಿಗಳಲ್ಲ. ಹಿಮಕುಸಿತದ ಮುನ್ಸೂಚನೆ ಓದಿದ್ದರು, ರಕ್ಷಣಾ ಸಾಮಗ್ರಿಯೂ ಜೊತೆಗಿತ್ತು. ಉತ್ತರಕ್ಕೆ ಮುಖ ಮಾಡಿದ ಇಳಿಜಾರು ಅಪಾಯಕರವೆಂದು ಅರಿತು, ಅದರ ಬುಡದಲ್ಲಿ ಒಬ್ಬರಿಂದೊಬ್ಬರು ಅಂತರವಿಟ್ಟು ದಾಟಿ ಆಚೆಯ ಸುರಕ್ಷಿತ ಜಾಗ ಸೇರುವುದೆಂದು ಮಾತಾಡಿಕೊಂಡೇ ಹೊರಟಿದ್ದರು. ಅವರು ಕೆಳಗೆ ಹೋಗುತ್ತಿದ್ದಾಗ ಮೇಲಿನ ಚಪ್ಪಡಿ ನೆಲದ ಬಳಿಯ ಆ ಹಳೆಯ ರವೆಯವರೆಗೂ ಒಡೆದು ಆರು ಜನರನ್ನೂ ಹೂತಿತು. ಐವರು ತೀರಿಕೊಂಡರು. ಭಾಗಶಃ ಹೂತಿದ್ದ ಒಬ್ಬರು ಮಾತ್ರ ಬದುಕಿದರು. 1962ರ ನಂತರ ಕೊಲರಾಡೊ ಕಂಡ ಅತಿ ಘೋರ ಹಿಮಕುಸಿತ ಅದು.

ಸತ್ತವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಿಗೆ ಗೊತ್ತಿತ್ತು, ಆದರೂ ಹೀಗಾಯಿತು ಎಂಬುದೇ ನಾವು ಗಮನಿಸಬೇಕಾದ ವಿಷಯ. ನಡುವಿನ ಅಂತರ ಸಾಲದೆ ಎಲ್ಲರೂ ಒಟ್ಟಿಗೆ ಸಿಕ್ಕಿದ್ದರಿಂದ ಅಗೆದು ತೆಗೆಯಲು ಹೊರಗೆ ಯಾರೂ ಉಳಿಯಲಿಲ್ಲ. ಅಪಾಯದ ಇಳಿಜಾರಿನ ಕೆಳಗೂ ಒಂದು ಸಲಕ್ಕೆ ಒಬ್ಬರೇ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು ನೋಡುತ್ತಿರಬೇಕು. ಅದಕ್ಕಿಂತ ಮಿಗಿಲಾದದ್ದು, ಬೇರೆ ದಾರಿ ಹಿಡಿಯುವುದು.

ಹಿಮದಡಿಯ ನಿಮಿಷಗಳು

ಇನ್ನು ನನ್ನ ವೃತ್ತಿಗೆ ಸೇರಿದ ಮಾತು. ಹಿಮದಡಿ ಸಿಕ್ಕವರು ಚಳಿಯಿಂದ ಸಾಯುತ್ತಾರೆಂದು ಬಹಳ ಜನ ತಿಳಿದಿದ್ದಾರೆ. ಕೆನಡಾದ ಪಶ್ಚಿಮ ಪ್ರಾಂತ್ಯಗಳಲ್ಲಿ 1984ರಿಂದ 2005ರವರೆಗೆ ಆದ 204 ಸಾವುಗಳನ್ನು ವೈದ್ಯರು ಪರಿಶೀಲಿಸಿದಾಗ 75 ಪ್ರತಿಶತ ಉಸಿರುಗಟ್ಟಿ, 24 ಪ್ರತಿಶತ ಮರ ಬಂಡೆಗಳಿಗೆ ಬಡಿದ ಪೆಟ್ಟಿನಿಂದ, ಕೇವಲ 1 ಪ್ರತಿಶತ ಚಳಿಯಿಂದ ಆದದ್ದೆಂದು ಕಂಡುಬಂತು. ಹಿಮದಲ್ಲಿ ಗಾಳಿಯಿದ್ದರೂ, ಬಿಟ್ಟ ಉಸಿರಿನ ತೇವ ಮುಖದ ಮುಂದೆ ಮಂಜುಗಡ್ಡೆಯ ಮುಸುಕಾಗಿ ಅದನ್ನು ತಡೆಯುತ್ತದೆ. ಬಿಟ್ಟ ಇಂಗಾಲಾಮ್ಲವನ್ನೇ ಮತ್ತೆ ಎಳೆದುಕೊಳ್ಳಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನ 40 ವರ್ಷಗಳ ದಾಖಲೆಗಳ ಮೇಲೆ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 10 ನಿಮಿಷದೊಳಗೆ ಹೊರತೆಗೆದರೆ 100ಕ್ಕೆ 90ಕ್ಕೂ ಹೆಚ್ಚು ಜನ ಬದುಕುತ್ತಾರೆ. 30 ನಿಮಿಷ ಕಳೆಯುವಷ್ಟರಲ್ಲಿ ಅದು 30ರ ಆಸುಪಾಸಿಗೆ ಇಳಿಯುತ್ತದೆ. 911ಕ್ಕೆ ಕರೆ ಮಾಡಿ ಹೆಲಿಕಾಪ್ಟರ್ ಬರುವ ಹೊತ್ತಿಗೆ ಈ ಲೆಕ್ಕ ಮುಗಿದಿರುತ್ತದೆ. ಬದುಕಿಸಬಲ್ಲವರು ಪಕ್ಕದಲ್ಲಿರುವ ಜೊತೆಗಾರರೇ. ಆದ್ದರಿಂದ ಪ್ರತಿಯೊಬ್ಬರ ಮೈಮೇಲೆ ಬೀಕನ್, ಬೆನ್ನಚೀಲದಲ್ಲಿ ಚುಚ್ಚಿ ನೋಡುವ ಉದ್ದನೆಯ ಪ್ರೋಬ್ ಕಡ್ಡಿ ಮತ್ತು ಲೋಹದ ಸಲಿಕೆ ಇರಲೇಬೇಕು. ಕುಸಿದು ನಿಂತ ಹಿಮ ಸಿಮೆಂಟಿನ ಹಾಗೆ ಬಿಗಿಯಾಗುತ್ತದೆ, ಬರಿಗೈಯಲ್ಲಿ ಅಗೆಯಲಾಗದು. ಸೆಲ್‌ಫೋನು ಬೀಕನ್ನಿಗೆ ಅಡ್ಡಿಮಾಡುವುದರಿಂದ ಎರಡನ್ನೂ ಕನಿಷ್ಠ 20 ಸೆಂಟಿಮೀಟರ್ ದೂರ, ಹುಡುಕುವಾಗ 50 ಸೆಂಟಿಮೀಟರ್ ದೂರ ಇಟ್ಟಿರಬೇಕು. ಹೊರತೆಗೆದವರ ಉಸಿರು ನಿಂತಿದ್ದರೆ ಎದೆ ಒತ್ತುವುದಷ್ಟೇ ಸಾಲದು, ಬಾಯಿಯಿಂದ ಉಸಿರು ಕೊಡುವುದೂ ಅಷ್ಟೇ ಮುಖ್ಯ, ಏಕೆಂದರೆ ಇಲ್ಲಿ ಹೃದಯ ನಿಲ್ಲುವುದು ಉಸಿರುಗಟ್ಟಿದ್ದರಿಂದ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಲೇಬೇಕು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಯೋಧರು ಹೂತುಹೋದರು. ಅವರಲ್ಲಿ ಮೂವರು ಕನ್ನಡಿಗರು: ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ ಹನುಮಂತಪ್ಪ ಜೀವಂತವಾಗಿ ಸಿಕ್ಕಾಗ ಇಡೀ ದೇಶ ಬೆರಗಾಯಿತು. ಟೆಂಟಿನಡಿ ಉಳಿದ ಗಾಳಿಯ ಪೊಳ್ಳು ಅವರ ಉಸಿರನ್ನು ಅಷ್ಟು ದಿನ ಕಾಪಾಡಿತ್ತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಎಲ್ಲ ಪ್ರಯತ್ನ ನಡೆದರೂ ಹಲವು ಅಂಗಗಳು ವಿಫಲವಾಗಿ ಫೆಬ್ರವರಿ 11ರಂದು ಅವರು ನಮ್ಮನ್ನು ಅಗಲಿದರು. ಅವರೆಲ್ಲ ಕರ್ತವ್ಯಕ್ಕಾಗಿ ಆ ಹಿಮದಲ್ಲಿದ್ದವರು, ಹಿಂತಿರುಗುವ ಆಯ್ಕೆ ಅವರಿಗಿರಲಿಲ್ಲ. ವಾರಾಂತ್ಯದ ಸಂತೋಷಕ್ಕೆ ಹೋಗುವ ನಮಗೆ ಆ ಆಯ್ಕೆ ಪ್ರತಿ ಹೆಜ್ಜೆಗೂ ಇದೆ.

ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಗಳು

ಶನಿವಾರ ಮುಂಜಾನೆ ಮಕ್ಕಳು ಸ್ಕೀ ಹೊತ್ತು ಹೊರಟಾಗ ನಾವು ಕೇಳುವುದು ಏನು? "ಸ್ವೆಟರ್ ಇಟ್ಕೊಂಡ್ಯಾ? ತಿನ್ನೋಕೆ ಏನಾದ್ರೂ ಕಟ್ಟಿಕೊಡ್ಲಾ?" ಅದನ್ನೂ ಕೇಳಿ, ಚಿತ್ರಾನ್ನದ ಡಬ್ಬಿಯನ್ನೂ ಕೊಡಿ. ಜೊತೆಗೆ ಈ ಐದನ್ನು ಸೇರಿಸಿ:

1. ಇವತ್ತಿನ ಮುನ್ಸೂಚನೆ ಓದಿದೆಯಾ? ಅಪಾಯ ಯಾವ ಎತ್ತರದಲ್ಲಿ, ಯಾವ ದಿಕ್ಕಿನ ಬದಿಯಲ್ಲಿ ಎಂದಿದ್ದಾರೆ?

2. ಹೋಗುವ ದಾರಿಯಲ್ಲಿ, ಅದರ ಮೇಲುಗಡೆಯಲ್ಲಿ, 30 ಡಿಗ್ರಿಗಿಂತ ಕಡಿದಾದ ಇಳಿಜಾರು ಇದೆಯಾ?

3. ರಾತ್ರಿ ಹಿಮ ಹೆಪ್ಪುಗಟ್ಟಿತ್ತಾ? ಎಷ್ಟು ಗಂಟೆಗೆ ಕೆಳಗೆ ಬಂದಿರುತ್ತೀರಿ?

4. ಎಲ್ಲರ ಹತ್ತಿರವೂ ಬೀಕನ್, ಪ್ರೋಬ್, ಸಲಿಕೆ ಇದೆಯಾ? ಈ ವರ್ಷ ಅಭ್ಯಾಸ ಮಾಡಿದ್ದೀರಾ?

5. ಗುಂಪಿನಲ್ಲಿ ಒಬ್ಬರು 'ಬೇಡ' ಎಂದರೆ ಎಲ್ಲರೂ ಹಿಂತಿರುಗುತ್ತೀರಾ?

ಕೊನೆಯ ಪ್ರಶ್ನೆಯೇ ಕಷ್ಟದ್ದು. ದೂರ ಬಂದಿದ್ದೇವೆ, ಹಿಮ ಚೆನ್ನಾಗಿದೆ, ಇನ್ನೊಂದು ಗುಂಪು ಆಗಲೇ ಹೋಗಿದೆ, ನಾನೊಬ್ಬನೇ ಪುಕ್ಕಲನಾಗಲೇ? ಹೀಗೆ ಯೋಚಿಸಿಯೇ ಬುದ್ಧಿವಂತರೂ ಮುಂದೆ ಹೋಗುತ್ತಾರೆ. ನಮ್ಮ ಮನೆಯಲ್ಲಿ ಒಂದು ಒಪ್ಪಂದವಿದೆ: ಮಗಳು ಬೆಟ್ಟದಿಂದ ಅರ್ಧಕ್ಕೇ ಹಿಂತಿರುಗಿ ಬಂದ ದಿನ ಯಾರೂ 'ಯಾಕೆ?' ಎಂದು ಕೇಳುವಂತಿಲ್ಲ. ಅಂದು ರಾತ್ರಿ ಅವಳಿಗೆ ಇಷ್ಟವಾದ ಅಡುಗೆ. ಕಳೆದ ಚಳಿಗಾಲದಲ್ಲಿ ನಾಲ್ಕು ಸಲ ಬಿಸಿಬೇಳೆಬಾತ್ ಆಯಿತು, ನನ್ನವಳಿಗೆ ಬೇಸರವಿಲ್ಲ!

ಬೆಟ್ಟ ಮುಂದಿನ ವಾರವೂ ಅಲ್ಲೇ ಇರುತ್ತದೆ. ನಮ್ಮ ಮಕ್ಕಳೂ ಇರಲಿ. ಎಲ್ಲರಿಗೂ ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳು.